ಹಿತ್ತಲ ಹಕ್ಕಿಗೆ ಕಾಳು, ನೀರು, ನೆಲೆ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕಲಿಕಾ ಕೇಂದ್ರಗಳಲ್ಲಿ ಆಡಿದ ಮಾತು)



ಇವತ್ತು ನಾವು ಹಿತ್ತಲಿಗೆ ಬರುವ ಹಕ್ಕಿಗಳ ವಿಷಯ ಮಾತಾಡೋಣ. "ಹಕ್ಕಿ ವಿಷಯ ನಮಗ್ಯಾಕೆ? ಮನೆ ಕೆಲಸ, ಗದ್ದೆ ಕೆಲಸ, ಸಂಘದ ಸಾಲ, ಮಕ್ಕಳ ಓದು, ಇವೇ ಸಾಕಾಗೈತೆ" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಉತ್ತರ ಮುಂದೆ ಬರುತ್ತದೆ. ಈಗ ಒಂದು ಮಾತು ಹೇಳಿಬಿಡ್ತೀವಿ. ಹಕ್ಕಿಗೆ ಒಂದು ಹಿಡಿ ಕಾಳು ಹಾಕುವುದು ಒಳ್ಳೆಯದು. ಆದರೆ ಕಾಳು ಒಂದರಿಂದಲೇ ಹಕ್ಕಿ ಬದುಕುವುದಿಲ್ಲ. ಯಾಕೆ ಅಂತ ನೋಡೋಣ.

ಹಿತ್ತಲಿಗೆ ಯಾರು ಬರ್ತಾರೆ?

ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ. ನರಸೀಪುರದಲ್ಲಿ ಕಪಿಲೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಕಡೆ ನಾಲೆ ಇದೆ, ಕೆರೆ ಇದೆ, ಗದ್ದೆ ಬಯಲು ಇದೆ. ನೀರಿದ್ದ ಕಡೆ ಹಕ್ಕಿ ಇರುತ್ತದೆ.

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಹೆಬ್ಬಾತುಗಳು ಬರುತ್ತವೆ. ಅವುಗಳ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾದಂಥ ದೂರದ ನಾಡಿನಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. ಅವನ್ನು ನೋಡೋಕೆ ಜನ ಕ್ಯಾಮೆರಾ ಹಿಡಿದು ಬರ್ತಾರೆ.

ನಾವು ಇವತ್ತು ಹೇಳೋದು ಆ ದೂರದ ನೆಂಟರ ಮಾತಲ್ಲ. ದಿನಾ ನಮ್ಮ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬರುವ ಹಕ್ಕಿಗಳ ಮಾತು. ಇವನ್ನು ನೋಡೋಕೆ ಯಾರೂ ಬರೋದಿಲ್ಲ. ನಾವೇ ನೋಡಬೇಕು.

ಮುಸುರೆ ಚೆಲ್ಲಿದ ಕಡೆ ಅನ್ನದ ಅಗುಳಿಗೆ ಕಾಗೆ ಬರುತ್ತದೆ. ಅಕ್ಕಿ ಕೇರುವಾಗ ನುಚ್ಚಿಗೆ ಗುಬ್ಬಿ ಬರುತ್ತದೆ. ಸೀಬೆ ಹಣ್ಣಿಗೆ ಗಿಳಿ, ಪರಂಗಿ ಹಣ್ಣಿಗೆ ಪಿಕಳಾರ. ಪಿಕಳಾರ ಅಂದರೆ ತಲೆ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುವ ಹಕ್ಕಿ. ಕರಿಬೇವಿನ ಮರದಲ್ಲಿ ಕಪ್ಪು ಹಣ್ಣು ಆದಾಗ ಕೋಗಿಲೆ ಬರುತ್ತದೆ. ದಾಸವಾಳ, ನುಗ್ಗೆ ಹೂವಿಗೆ ಹೆಬ್ಬೆರಳಷ್ಟು ಪುಟ್ಟ ಸೂರಕ್ಕಿ ಬರುತ್ತದೆ. ಒಣಗಿದ ತರಗೆಲೆ ಕೆದಕುತ್ತ ಆರೇಳು ಹಕ್ಕಿ ಒಟ್ಟಿಗೆ ಗಲಾಟೆ ಮಾಡುತ್ತವಲ್ಲ, ಅವು ಹರಟೆಮಲ್ಲ. ಹೆಸರು ಚೆನ್ನಾಗಿದೆ ಅಲ್ವಾ? ಎಲೆ ಎರಡನ್ನು ಸೇರಿಸಿ ಹೊಲಿದು ಗೂಡು ಮಾಡುವುದು ಸಿಂಪಿಗ ಹಕ್ಕಿ. ಅದಕ್ಕೆ ಕೊಕ್ಕೇ ಸೂಜಿ. ಜೇಡರ ಬಲೆ, ಹತ್ತಿ ನೂಲೇ ದಾರ.

ಇವೆಲ್ಲ ನಮಗೆ ಹೊಸಬರಲ್ಲ. ಮಗುವಿಗೆ ಅನ್ನ ಉಣಿಸುವಾಗ ನಾವು ಮೊದಲು ತೋರಿಸಿದ್ದೇ ಕಾಗೆ, ಗುಬ್ಬಿ. ಮಗು ಮೊದಲು ಕೇಳಿದ ಕತೆಯೂ ಕಾಗಕ್ಕ ಗುಬ್ಬಕ್ಕನ ಕತೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ನಂಜನಗೂಡಿನ ಹೊಳೆದಂಡೆಯಲ್ಲೋ ನರಸೀಪುರದ ಸಂಗಮದಲ್ಲೋ ಕಾರ್ಯ ಮಾಡ್ತೀವಿ. ಎಡೆ ಇಟ್ಟು ಕಾಗೆಗಾಗಿ ಕಾಯ್ತೀವಿ. ಕಾಗೆ ಮುಟ್ಟುವ ತನಕ ಯಾರೂ ಕದಲುವುದಿಲ್ಲ. ಆ ಒಂದು ದಿನ ಕರೀತೀವಿ. ಮಿಕ್ಕ ದಿನ ಹುಶ್ ಅಂತ ಓಡಿಸ್ತೀವಿ.

ಯಾವ ಕಾಳು? ಎಷ್ಟು?

ಹಕ್ಕಿಗೆ ಅಂತ ಅಂಗಡಿಯಿಂದ ಏನೂ ತರಬೇಡಿ. ಮನೆಯಲ್ಲಿ ಇರೋದೇ ಸಾಕು. ಅಕ್ಕಿ ನುಚ್ಚು, ರಾಗಿ, ನವಣೆ, ಒಡೆದ ಜೋಳ ಹಾಕಬಹುದು. ಗುಬ್ಬಿಗೆ ನುಚ್ಚು ಇಷ್ಟ. ರಾಟವಾಳದಂಥ ಸಣ್ಣ ಹಕ್ಕಿಗೆ ರಾಗಿ ಇಷ್ಟ. ಕಳಿತ ಬಾಳೆಹಣ್ಣು, ಪರಂಗಿ ಹಣ್ಣಿನ ತುಂಡು ಇಟ್ಟರೆ ಪಿಕಳಾರ, ಕುಟ್ರು ಹಕ್ಕಿ ಬರುತ್ತವೆ.

ಅನ್ನ ಹಾಕಬಹುದಾ? ಹಾಕಬಹುದು. ಆದರೆ ಉಪ್ಪು, ಎಣ್ಣೆ, ಸಾರು ಬೆರೆತಿರಬಾರದು. ಹಳಸಿದ್ದು, ಬೂಸ್ಟು ಹಿಡಿದದ್ದು ಬೇಡ. ನಮಗೆ ಕೆಟ್ಟದ್ದು ಹಕ್ಕಿಗೂ ಕೆಟ್ಟದ್ದೇ. ಬೋಂಡ, ಬಜ್ಜಿ, ಮಿಕ್ಸ್ಚರ್ ಬೇಡವೇ ಬೇಡ.

ಎಷ್ಟು ಹಾಕಬೇಕು? ಒಂದು ಹಿಡಿ ಸಾಕು. ಒಂದು ಗಂಟೆಯಲ್ಲಿ ಹಕ್ಕಿಗಳು ತಿಂದು ಮುಗಿಸುವಷ್ಟು ಮಾತ್ರ. ಜಾಸ್ತಿ ಹಾಕಿದರೆ ರಾತ್ರಿ ಇಲಿ, ಹೆಗ್ಗಣ ಬರುತ್ತವೆ. ಇಲಿ ಬಂದರೆ ಹಿಂದೆಯೇ ಹಾವೂ ಬರುತ್ತದೆ.

ಎಲ್ಲಿ ಹಾಕಬೇಕು? ಬೆಕ್ಕು ಅವಿತು ಕೂರುವ ಪೊದೆಯಿಂದ ದೂರ. ಗೋಡೆಯ ಮೇಲೆ, ಚಪ್ಪರದ ಮೇಲೆ, ಇಲ್ಲವೇ ಹಗ್ಗ ಕಟ್ಟಿ ತೂಗು ಹಾಕಿದ ಹಳೇ ತಟ್ಟೆಯಲ್ಲಿ. ಭತ್ತದ ಕುಯ್ಲಿನ ಕಾಲದಲ್ಲಿ ನಾಲ್ಕು ತೆನೆ ಉಳಿಸಿ, ಕಟ್ಟಿ, ಸೂರಿನಡಿ ತೂಗು ಹಾಕಿ. ಕೆಲವು ಹಳೇ ಮನೆಗಳಲ್ಲಿ ಈಗಲೂ ಹಾಗೆ ಕಟ್ಟುತ್ತಾರೆ. ನೋಡೋಕೂ ಚೆಂದ. ಗುಬ್ಬಿಗೂ ಊಟ.

ಕಾಳಿಗಿಂತ ಮೊದಲು ನೀರು

ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲು ನಮಗೆ ಗೊತ್ತು. ಆ ದಿನಗಳಲ್ಲಿ ಹಕ್ಕಿಗೆ ಕಾಳಿಗಿಂತ ನೀರು ಮುಖ್ಯ. ಹಿಂದೆ ಬಾವಿ ಕಟ್ಟೆಯ ಹತ್ತಿರ ನೀರು ನಿಲ್ಲುತ್ತಿತ್ತು. ದನಕ್ಕೆ ಕಲ್ಲಿನ ತೊಟ್ಟಿ ಇರುತ್ತಿತ್ತು. ಈಗ ಅನೇಕ ಮನೆಗಳಿಗೆ ನಲ್ಲಿ ಬಂದಿದೆ. ಅಂಗಳಕ್ಕೆ ಸಿಮೆಂಟು ಬಂದಿದೆ. ನಮಗೆ ಅನುಕೂಲ ಆಯಿತು. ಹಕ್ಕಿಗೆ ಕುಡಿಯುವ ಗುಂಡಿ ಹೋಯಿತು.

ಒಂದು ಅಗಲವಾದ ಮಣ್ಣಿನ ತಟ್ಟೆ ತಗೊಳ್ಳಿ. ಎರಡು ಅಂಗುಲ ಆಳ ಇದ್ದರೆ ಸಾಕು. ಆಳ ಜಾಸ್ತಿ ಇದ್ದರೆ ಸಣ್ಣ ಹಕ್ಕಿ ಮುಳುಗುತ್ತದೆ. ಒಳಗೆ ಒಂದು ಕಲ್ಲು ಇಡಿ. ಗುಬ್ಬಿ, ಜೇನು ಹುಳ ಅದರ ಮೇಲೆ ಕೂತು ನೀರು ಕುಡಿಯುತ್ತವೆ. ತಟ್ಟೆಯನ್ನು ನೆರಳಿನಲ್ಲಿ ಇಡಿ.

ದಿನಾ ಬೆಳಿಗ್ಗೆ ಹಳೇ ನೀರು ಗಿಡಕ್ಕೆ ಚೆಲ್ಲಿ. ತಟ್ಟೆ ಉಜ್ಜಿ ತೊಳೆದು ಹೊಸ ನೀರು ಹಾಕಿ. ಇದನ್ನು ಮರೆಯಬೇಡಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ದಿನಾ ಉಜ್ಜಿ ತೊಳೆದರೆ ಹಕ್ಕಿಗೂ ನೀರು, ನಮಗೂ ಭಯವಿಲ್ಲ.

ಕೋಳಿ ಸಾಕಿದವರು ಕೋಳಿಯ ನೀರು ಬೇರೆ, ಕಾಡು ಹಕ್ಕಿಯ ನೀರು ಬೇರೆ ಇಡಿ. 2020ರ ಮಾರ್ಚ್ ತಿಂಗಳಲ್ಲಿ ಮೈಸೂರಿನಲ್ಲೇ ಹಕ್ಕಿ ಜ್ವರ ಕಾಣಿಸಿತ್ತು. ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ ಕೈಯಿಂದ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ತಟ್ಟೆ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಗುಬ್ಬಿ ಎಲ್ಲಿ ಹೋಯಿತು?

"ನಮ್ಮ ಚಿಕ್ಕಂದಿನಲ್ಲಿ ಮನೆ ತುಂಬ ಗುಬ್ಬಿ. ಕನ್ನಡಿ ಮುಂದೆ ಕೂತು ಕುಟ್ಟೋದು. ಈಗ ಎಲ್ಲಿ?" ಹೀಗೆ ಎಷ್ಟೋ ಜನ ಕೇಳ್ತಾರೆ. ಮೊಬೈಲ್ ಟವರಿನಿಂದ ಗುಬ್ಬಿ ಸತ್ತವು ಅನ್ನೋ ಮಾತೂ ಇದೆ. ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. 2020ರಲ್ಲಿ ನಮ್ಮ ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ದೊಡ್ಡ ವರದಿ ಬಂತು. ಸಾವಿರಾರು ಜನ ಹಕ್ಕಿ ನೋಡಿ ಬರೆದಿಟ್ಟ ಲೆಕ್ಕದಿಂದ ಮಾಡಿದ ವರದಿ ಅದು. ಬೆಂಗಳೂರು, ಚೆನ್ನೈನಂಥ ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿದೆ. ಒಟ್ಟು ದೇಶದಲ್ಲಿ ನೋಡಿದರೆ ಹೆಚ್ಚು ಕಡಿಮೆ ಹಾಗೇ ಇದೆ. ಆ ವರದಿ ಹೇಳುವುದು ಇದನ್ನೇ.

ಅಂದರೆ ಹಳ್ಳಿಗಳಲ್ಲಿ ಗುಬ್ಬಿ ಇನ್ನೂ ಉಳಿದಿದೆ. ಉಳಿಸಿಕೊಳ್ಳೋದು ನಮ್ಮ ಕೈಯಲ್ಲೂ ಇದೆ.

ಗುಬ್ಬಿಗೆ ಗೂಡು ಬೇಕು. ನಾಡ ಹೆಂಚಿನ ಮನೆಯಲ್ಲಿ ತೊಲೆ ಸಂದು, ಹೆಂಚಿನ ಸಂದು ಇರುತ್ತಿತ್ತು. ತಾರಸಿ ಮನೆಯಲ್ಲಿ ಸಂದು ಇಲ್ಲ. ಅದಕ್ಕೆ ನಾವು ಒಂದು ಸಣ್ಣ ಮರದ ಪೆಟ್ಟಿಗೆ ಇಲ್ಲವೇ ಮಡಕೆ ಕಟ್ಟಬಹುದು. ತೂತು ಒಂದೂಕಾಲು ಅಂಗುಲ ಇರಲಿ. ಅದಕ್ಕಿಂತ ದೊಡ್ಡದಾದರೆ ಬೇರೆ ಹಕ್ಕಿ ನುಗ್ಗಿ ಮೊಟ್ಟೆ ತಿನ್ನುತ್ತದೆ. ನೆಲದಿಂದ ಎಂಟು ಹತ್ತು ಅಡಿ ಎತ್ತರದಲ್ಲಿ, ಮಳೆ ಬಿಸಿಲು ತಾಗದ ಸೂರಿನಡಿ ಕಟ್ಟಿ. ಗುಬ್ಬಿ ಗುಂಪಿನಲ್ಲಿ ಇರುವ ಹಕ್ಕಿ. ಎರಡು ಮೂರು ಮಡಕೆ ಕಟ್ಟಿದರೆ ಇನ್ನೂ ಒಳ್ಳೆಯದು.

ಕಟ್ಟಿದ ಮಾರನೇ ದಿನವೇ ಬರಲಿಲ್ಲ ಅಂತ ಬೇಸರ ಬೇಡ. ನಂಬಿಕೆ ಬರೋಕೆ ಹಕ್ಕಿಗೂ ಸಮಯ ಬೇಕು.

ಮರಿಗೆ ಕಾಳು ಸೇರದು

ಈಗ ಮುಖ್ಯ ಮಾತಿಗೆ ಬಂದೆವು. ಗುಬ್ಬಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ಹನ್ನೆರಡು ದಿನ, ಎರಡು ವಾರದೊಳಗೆ ಮರಿ ಆಗುತ್ತದೆ. ಇನ್ನೆರಡು ವಾರದಲ್ಲಿ ಮರಿ ಗೂಡು ಬಿಡುತ್ತದೆ. ಆ ಎರಡು ವಾರ ಮರಿ ಏನು ತಿನ್ನುತ್ತದೆ?

ಅಕ್ಕಿ ಅಲ್ಲ. ನುಚ್ಚೂ ಅಲ್ಲ. ಹುಳ!

ಹುಟ್ಟಿದ ಕೂಸಿಗೆ ನಾವು ಮುದ್ದೆ ಕೊಡ್ತೀವಾ? ಇಲ್ಲ. ಎದೆ ಹಾಲು ಕೊಡ್ತೀವಿ. ಹಾಗೆಯೇ ಗುಬ್ಬಿ ಮರಿಗೆ ಮೆತ್ತಗಿನ ಹುಳ ಬೇಕು. ಕಂಬಳಿ ಹುಳ, ಹಸಿರು ಹುಳ, ಹೇನು, ಸಣ್ಣ ಮಿಡತೆ. ತಾಯಿ ತಂದೆ ಎರಡೂ ಬೆಳಗಿನಿಂದ ಸಂಜೆ ತನಕ ಹುಳ ಹುಡುಕಿ ತಂದು ತಿನ್ನಿಸುತ್ತವೆ. ಆ ಹುಳ ಎಲ್ಲಿಂದ ತರುತ್ತವೆ? ನಮ್ಮ ದಂಟಿನ ಮಡಿಯಿಂದ. ನಮ್ಮ ಅವರೆ ಚಪ್ಪರದಿಂದ. ನಮ್ಮ ಬದನೆ ಗಿಡದಿಂದ. ಗೀಜಗನೂ ಹೀಗೇ. ತಾನು ಭತ್ತ ತಿಂದರೂ ಮರಿಗೆ ಹುಳ ತರುತ್ತದೆ.

ಹಿತ್ತಲಿಗೆ ವಿಷ ಹೊಡೆದರೆ ಏನಾಗುತ್ತದೆ? ಹುಳ ಸಾಯುತ್ತದೆ. ಸಾಯುತ್ತಿರುವ ಹುಳವನ್ನು ಹಕ್ಕಿ ಮರಿಗೆ ಕೊಟ್ಟರೆ ಮರಿಗೂ ಕೇಡು. ಹುಳವೇ ಸಿಗದಿದ್ದರೆ ಮರಿ ಹಸಿದು ಸಾಯುತ್ತದೆ. ಪಕ್ಕದಲ್ಲೇ ನಾವು ಸೇರುಗಟ್ಟಲೆ ಅಕ್ಕಿ ಸುರಿದಿದ್ದರೂ ಅದು ಉಳಿಯುವುದಿಲ್ಲ.

"ಗದ್ದೆಯಲ್ಲಿ ಹಕ್ಕಿ ತೆನೆ ತಿನ್ನುತ್ತೆ. ಅಲ್ಲಿ ಓಡಿಸಿ ಇಲ್ಲಿ ಕರೆಯೋದಾ?" ಅಂತ ಕೇಳಬಹುದು. ಹೌದು, ತೆನೆ ಹಾಲುಗಟ್ಟಿದಾಗ ಹಕ್ಕಿ ಕಾಯುವವರು ನಾವೇ. ಡಬ್ಬ ಬಡಿಯಿರಿ, ಕೂಗಿ, ಬೆದರು ಬೊಂಬೆ ನಿಲ್ಲಿಸಿ. ಅದು ತಪ್ಪಲ್ಲ. ಬೆಳೆ ನಮ್ಮ ಅನ್ನ. ಆದರೆ ಕೊಲ್ಲಬೇಡಿ. ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿ, ಗೊರವಂಕ ನಡೆದು ಬರುವುದನ್ನು ನೋಡಿದೀರಲ್ಲ? ಮಣ್ಣಿನಿಂದ ಎದ್ದ ಹುಳ ಹೆಕ್ಕೋಕೆ ಬರುತ್ತವೆ. ಕೂಲಿ ಕೇಳದ ಆಳುಗಳು.

ಚೀನಾ ದೇಶದಲ್ಲಿ ಇದನ್ನು ಮರೆತಿದ್ದರು. 1958ರಲ್ಲಿ ಅಲ್ಲಿನ ಸರ್ಕಾರ ಗುಬ್ಬಿ ಧಾನ್ಯ ತಿನ್ನುತ್ತದೆ, ಅದನ್ನು ಕೊಲ್ಲಿ ಎಂದು ಆಜ್ಞೆ ಮಾಡಿತು. ಇಲಿ, ನೊಣ, ಸೊಳ್ಳೆಯ ಜೊತೆ ಗುಬ್ಬಿಯ ಹೆಸರೂ ಸೇರಿತ್ತು. ಜನ ತಟ್ಟೆ, ತಮಟೆ ಬಡಿದರು. ಗುಬ್ಬಿ ಎಲ್ಲೂ ಕೂರದಂತೆ ಅಟ್ಟಿದರು. ಹಾರಿ ಹಾರಿ ಸುಸ್ತಾಗಿ ಬಿದ್ದು ಸತ್ತವು. ಆಮೇಲೆ ಏನಾಯಿತು? ಬೆಳೆ ತಿನ್ನುವ ಹುಳ ಹೆಚ್ಚಿತು. 1960ರಲ್ಲಿ ಸರ್ಕಾರವೇ ಗುಬ್ಬಿಯ ಹೆಸರು ತೆಗೆದು ಅದರ ಜಾಗದಲ್ಲಿ ತಿಗಣೆಯನ್ನು ಸೇರಿಸಿತು.

ಡಬ್ಬದ ಮೇಲಿನ ಅಕ್ಷರ ಓದಿ

ಈಗ ನಮಗೆಲ್ಲ ಓದು ಬಂದಿದೆ. ಆ ಓದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಕೀಟನಾಶಕದ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿ ಇಟ್ಟಿರುತ್ತೀರಿ. ಒಮ್ಮೆ ಅದರ ಚೀಟಿ ನೋಡಿ. ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದಲ್ಲಿ ಬಣ್ಣ ಇರುತ್ತದೆ. ಬಣ್ಣ ನಾಲ್ಕು.

ಕೆಂಪು ಅಂದರೆ ಅತಿ ಘೋರ ವಿಷ.
ಹಳದಿ ಅಂದರೆ ಹೆಚ್ಚು ವಿಷ.
ನೀಲಿ ಅಂದರೆ ಮಧ್ಯಮ ವಿಷ.
ಹಸಿರು ಅಂದರೆ ಸ್ವಲ್ಪ ವಿಷ.

ಹಸಿರು ಇದ್ದರೂ ವಿಷವೇ. ಔಷಧಿ ಅಂತ ನಾವು ಕರೀತೀವಿ, ಅಷ್ಟೇ. ಕೆಂಪು, ಹಳದಿ ಗುರುತಿನದು ಹಿತ್ತಲ ಸೊಪ್ಪಿಗೆ ಬೇಡವೇ ಬೇಡ. ಆ ಸೊಪ್ಪನ್ನೇ ಸಂಜೆ ಸಾರಿಗೆ ಹಾಕ್ತೀವಿ. ನಮ್ಮ ಮಕ್ಕಳು ಅಲ್ಲೇ ಮಣ್ಣಿನಲ್ಲಿ ಆಡ್ತಾರೆ. ಖಾಲಿ ಡಬ್ಬದಲ್ಲಿ ಹಕ್ಕಿಗೆ ನೀರು ಇಡಬೇಡಿ. ಮನೆಗೂ ಬಳಸಬೇಡಿ. ಎಷ್ಟು ತೊಳೆದರೂ ವಿಷ ಹೋಗುವುದಿಲ್ಲ.

ಬಿತ್ತನೆ ಬೀಜದ ವಿಷಯ ಇನ್ನೊಂದು. ಪ್ಯಾಕೆಟ್ಟಿನ ಜೋಳ, ಹತ್ತಿ ಬೀಜಕ್ಕೆ ವಿಷ ಸವರಿರ್ತಾರೆ. ಗುರುತಿಗೆ ಅಂತ ಗುಲಾಬಿ, ಕೆಂಪು, ನೀಲಿ ಬಣ್ಣ ಹಾಕಿರ್ತಾರೆ. ಬಿತ್ತಿದ ಮೇಲೆ ಮಿಕ್ಕ ಬೀಜವನ್ನು "ಹಕ್ಕಿ ತಿನ್ನಲಿ" ಅಂತ ಅಂಗಳಕ್ಕೆ ಎರಚಬೇಡಿ. ಪುಣ್ಯ ಅಂತ ಮಾಡಿದ್ದು ಸಾವು ತರುತ್ತದೆ. ಕೋಳಿಗೂ ಹಾಕಬೇಡಿ. ಬಾವಿ, ನಾಲೆಯಿಂದ ದೂರ ಆಳವಾಗಿ ಹೂಳಿ. ಹೊಲದಲ್ಲೂ ಬೀಜ ಮಣ್ಣಿನ ಮೇಲೆ ಕಾಣದಂತೆ ಮುಚ್ಚಿ. ಕಾಳಿಗೆ ವಿಷ ಬೆರೆಸಿ ನವಿಲು ಕೊಲ್ಲುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆ ಇದೆ. ಗಿಳಿ ಹಿಡಿದು ಪಂಜರದಲ್ಲಿ ಇಡುವುದೂ ಅಪರಾಧವೇ. ಜಾತ್ರೆಯಲ್ಲಿ ಮಾರಿದರೆ ಕೊಳ್ಳಬೇಡಿ.

ಹಾಗಾದರೆ ಹುಳಕ್ಕೆ ಏನು ಮಾಡೋದು? ಬೇವಿನ ಬೀಜದ ಕಷಾಯ ಮಾಡಿ. ಒಂದು ಲೀಟರ್ ನೀರಿಗೆ 50 ಗ್ರಾಂ ಒಣಗಿದ ಬೇವಿನ ಬೀಜ. ಬೀಜ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆ ಹಾಕಿ. ಮಾರನೇ ದಿನ ಚೆನ್ನಾಗಿ ಹಿಂಡಿ, ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಹೊತ್ತು ಚಿಮುಕಿಸಿ. ಹೇನು ಬಿದ್ದ ಗಿಡಕ್ಕೆ ಒಲೆ ಬೂದಿ ಎರಚಿ. ಎಲ್ಲ ಹುಳವೂ ಸಾಯೋದಿಲ್ಲ. ಸಾಯೋದೂ ಬೇಡ. ಮಿಕ್ಕದ್ದನ್ನು ಹಕ್ಕಿಗಳು ನೋಡಿಕೊಳ್ತವೆ.

ಗೂಬೆಯನ್ನು ಓಡಿಸಬೇಡಿ

ಗೂಬೆ ಕೂಗಿದರೆ ಸಾವು ಅಂತ ಹೆದರುತ್ತೀವಿ. ಮುಸ್ಸಂಜೆ ಹಾಲಕ್ಕಿ ನುಡಿದರೆ ಬುಡಬುಡಿಕೆಯವರು ಹೇಳಿದ್ದು ನೆನಪಾಗುತ್ತದೆ. ಹಾಲಕ್ಕಿಯೂ ಒಂದು ಸಣ್ಣ ಗೂಬೆಯೇ. ಗೂಬೆ ಸಾವು ತರುವುದಿಲ್ಲ, ಇಲಿ ಹಿಡಿಯುತ್ತದೆ. ಭತ್ತದ ಚೀಲ ಕಾಯುವ ಕಾವಲುಗಾರ ಅದು. ಇಲಿಗೆ ಪಾಷಾಣ ಇಟ್ಟರೆ, ಅದನ್ನು ತಿಂದ ಇಲಿ ಗೂಬೆಗೂ ಬೆಕ್ಕಿಗೂ ಕೇಡು ತರಬಹುದು. ಮನೆಯಲ್ಲಿ ಇಲಿ ಬೋನು ಇಡಿ.

ಬಾಣಂತನಕ್ಕೆ ಬಂದ ಮಗಳು

ಹಕ್ಕಿಯ ಜೊತೆ ಬದುಕಿದ ಒಂದು ಊರಿನ ಮಾತು ಹೇಳ್ತೀವಿ. ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಇದೆ. ಶಿಂಷಾ ಹೊಳೆಯ ಹತ್ತಿರದ ಊರು. ಚಳಿಗಾಲ ಬಂದರೆ ಅಲ್ಲಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಬರುತ್ತವೆ. ಕಾಡಿನಲ್ಲಿ ಅಲ್ಲ, ಊರೊಳಗೇ. ಮನೆ ಪಕ್ಕದ, ಹಿತ್ತಲಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುತ್ತವೆ.

ಆ ಹಕ್ಕಿಗಳು ಗಲೀಜು ಮಾಡುವುದಿಲ್ಲವಾ? ಮಾಡುತ್ತವೆ. ವಾಸನೆ ಬರುತ್ತದೆ. ಹುಣಿಸೆ ಫಸಲೂ ಕಡಿಮೆ ಆಗುತ್ತದೆ. ಆದರೂ ಊರಿನವರು ಓಡಿಸಲಿಲ್ಲ. "ಬಾಣಂತನಕ್ಕೆ ತವರಿಗೆ ಬಂದ ಹೆಣ್ಣು ಮಕ್ಕಳು" ಅಂತ ಆ ಹಕ್ಕಿಗಳನ್ನು ಕಾಣುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರ ಆಗುತ್ತದೆ.

1990ರ ದಶಕದಲ್ಲಿ ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ತಿನ್ನಿಸಿ ಸಾಕಿದರು. ರೆಕ್ಕೆ ಬಲಿತ ಮೇಲೆ ಬಿಟ್ಟರು. ಮರ ಕಡಿಯದೆ ಉಳಿಸಿದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿದೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಿತು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದ್ದು 1940ರಲ್ಲಿ, ರಾಜರ ಕಾಲದಲ್ಲಿ. ಪಕ್ಷಿ ತಜ್ಞ ಸಲೀಂ ಅಲಿ ಅವರು ಹೇಳಿದ ಮೇಲೆ. ಕೊಕ್ಕರೆ ಬೆಳ್ಳೂರಿನಲ್ಲಿ ಮೊದಲು ಕಾಪಾಡಿದವರು ಊರಿನ ಜನರೇ.

ಕೊನೆಯ ಮಾತು

ಹಕ್ಕಿ ವಿಷಯ ನಮಗ್ಯಾಕೆ ಅಂತ ಮೊದಲು ಕೇಳಿದ್ದಿರಿ. ಹಿತ್ತಲು ನಮ್ಮದು. ಗದ್ದೆಗೆ ಏನು ಹೊಡೆಯಬೇಕು ಅಂತ ಅನೇಕ ಮನೆಗಳಲ್ಲಿ ನಮ್ಮನ್ನು ಕೇಳುವುದಿಲ್ಲ. ಹಿತ್ತಲಿಗೆ ಏನು ಹೊಡೆಯಬಾರದು ಅಂತ ನಾವೇ ಹೇಳಬಹುದು. ಅಲ್ಲಿ ಗುಬ್ಬಿ ಮರಿಗೆ ತಿನ್ನಲು ವಿಷವಿಲ್ಲದ ಹುಳ ಸಿಕ್ಕರೆ, ನಮ್ಮ ಮಗುವಿಗೂ ವಿಷವಿಲ್ಲದ ಸೊಪ್ಪು ಸಿಗುತ್ತದೆ.

ನಾಳೆ ಬೆಳಿಗ್ಗೆ ಒಂದು ತಟ್ಟೆ ನೀರು ಇಡಿ. ಒಂದು ಹಿಡಿ ನುಚ್ಚು ಹಾಕಿ. ಮನೆಯಲ್ಲಿರುವ ಡಬ್ಬದ ಚೀಟಿ ಓದಿ. ಬಂದ ಹಕ್ಕಿಯ ಹೆಸರನ್ನು ನಿಮ್ಮ ಪುಸ್ತಕದಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಮುಂದಿನ ವಾರ ಎಲ್ಲರೂ ಓದಿ ಹೇಳೋಣ.

ಓದಿ, ಮಾತಾಡೋಣ

1. ನಿಮ್ಮ ಹಿತ್ತಲಿಗೆ ಬರುವ ಐದು ಹಕ್ಕಿಗಳ ಹೆಸರು ಬರೆಯಿರಿ.
2. ಗುಬ್ಬಿ ಮರಿ ಏನು ತಿನ್ನುತ್ತದೆ? ಅದು ಎಲ್ಲಿ ಸಿಗುತ್ತದೆ?
3. ನೀರಿನ ತಟ್ಟೆಯನ್ನು ದಿನಾ ಯಾಕೆ ತೊಳೆಯಬೇಕು?
4. ನಿಮ್ಮ ಮನೆಯ ಕೀಟನಾಶಕದ ಡಬ್ಬದ ಮೇಲೆ ಯಾವ ಬಣ್ಣ ಇದೆ? ಅದರ ಅರ್ಥವೇನು?
5. ಬಣ್ಣ ಹಾಕಿದ ಬಿತ್ತನೆ ಬೀಜ ಮಿಕ್ಕರೆ ಏನು ಮಾಡಬೇಕು?